ಯಾರೂ ಕರೆಯದ ಫೈಲುಗಳು

ಹೊಳೆದಂಡೆಯ ಆ ಜೈನ ಆಶ್ರಮದಲ್ಲಿ ಹನ್ನೊಂದು ವರ್ಷದಿಂದ ಒಂದೇ ಗ್ರಂಥದ ಕೆಲಸ. ತಾಳೆಗರಿಯಲ್ಲಿದ್ದ ಹಳೆಯ ಕಾವ್ಯವೊಂದಕ್ಕೆ ಬ್ರಹ್ಮಸೂರಯ್ಯ ಗುರುಗಳು ವ್ಯಾಖ್ಯಾನ ಬರೆಯುತ್ತಿದ್ದರು.

ಕಂಪ್ಯೂಟರಿನಲ್ಲಿ ಪದ್ಯಕ್ಕೊಂದು ಫೈಲು. ಅವನ್ನೆಲ್ಲ ಹೆಸರು ಹಿಡಿದು ಕರೆಯುವ ಮುಖ್ಯ ಫೈಲು ಒಂದು. ಅದು ಕರೆದದ್ದಷ್ಟೇ ಪುಸ್ತಕಕ್ಕೆ ಬರುತ್ತಿತ್ತು.

ಅಚ್ಚಿನ ಮನೆಗೆ ಕಳಿಸಬೇಕಾದ ದಿನ ಬಂತು. ಬೆಳಗ್ಗೆಯೇ ಶಿಷ್ಯ ಸುವ್ರತ ಗುರುಗಳ ಮುಂದೆ ಬಂದು ನಿಂತ. ಪಾಪ, ಶಹಭಾಸ್ ಅನ್ನಿಸಿಕೊಳ್ಳಲು ಬಂದಿದ್ದ.

"ಗುರುಗಳೇ, ಫೋಲ್ಡರು ಚೊಕ್ಕ ಮಾಡಿದೆ. ಕೆಲಸಕ್ಕೆ ಬಾರದ ಫೈಲು ನಲವತ್ತೊಂದು ಇದ್ದವು."

"ಕೆಲಸಕ್ಕೆ ಬಾರವು ಅಂತ ಹೇಳಿದವರು ಯಾರು?"

"ಕಂಪ್ಯೂಟರು ತಾನೇ ಕೆಲಸ ಮಾಡಿಕೊಳ್ಳಲು ಒಂದು ಶೆಲ್ ಸ್ಕ್ರಿಪ್ಟು ಬರೆದೆ, ಹತ್ತೇ ಸಾಲು. ಮುಖ್ಯ ಫೈಲು ಕರೆಯುವ ಹೆಸರುಗಳದ್ದೊಂದು ಪಟ್ಟಿ, ಫೋಲ್ಡರಿನಲ್ಲಿ ಇರುವ ಹೆಸರುಗಳದ್ದೊಂದು ಪಟ್ಟಿ. ಎರಡನ್ನೂ ಹೋಲಿಸಿ ನೋಡಿ, ಯಾರೂ ಕರೆಯದವನ್ನು ಅದೇ ಅಳಿಸಿಬಿಟ್ಟಿತು."

ಗುರುಗಳು ಕನ್ನಡಕ ತೆಗೆದು ಕೆಳಗಿಟ್ಟರು.

"ಮುಖ್ಯ ಫೈಲಿನಲ್ಲಿ ಕೆಲವು ಸಾಲಿಗೆ ಶೇಕಡಾ ಗುರುತು ಹಾಕಿತ್ತಲ್ಲ?"

"ಅದನ್ನೂ ಮರೆಯಲಿಲ್ಲ. ಮುಂದೆ ಆ ಗುರುತು ಇದ್ದರೆ ಕಂಪ್ಯೂಟರು ಆ ಸಾಲನ್ನು ಓದುವುದೇ ಇಲ್ಲ. ಅದಕ್ಕೇ ಆ ಸಾಲಿನ ಹೆಸರುಗಳನ್ನು ಪಟ್ಟಿಯಿಂದ ಮೊದಲೇ ಕೈಬಿಟ್ಟೆ. ಪುಸ್ತಕ ಒಂದು ತಪ್ಪೂ ಇಲ್ಲದೆ ಬಂತು."

"ಆ ಗುರುತು ಹಾಕಿದ್ದು ನಾನು."

"ನೀವಾ? ಯಾಕೆ ಗುರುಗಳೇ?"

"ನಮ್ಮ ಗುರುಗಳು ದೇವರಸಯ್ಯನವರು ನಲವತ್ತೊಂದು ಪದ್ಯಕ್ಕೆ ಬೇರೆಯದೇ ಅರ್ಥ ಹೇಳಿದ್ದರು. ನನಗೆ ಒಪ್ಪಿಗೆಯಾಗಿರಲಿಲ್ಲ. ಒಪ್ಪುವ ದಿನ ಬಂದೀತು ಅಂತ ಅವನ್ನು ಬೇರೆ ಫೈಲು ಮಾಡಿ, ಗುರುತು ಹಾಕಿ ಇಟ್ಟುಕೊಂಡಿದ್ದೆ."

"ಅವರು ಹೇಳುವಾಗ ನೀವು ಬರೆದುಕೊಂಡ ನೋಟುಪುಸ್ತಕ?"

"ಗೆದ್ದಲು ತಿಂದು ಎಷ್ಟೋ ವರ್ಷವಾಯಿತು. ಫೈಲುಗಳ ನಕಲು ಪೆನ್ ಡ್ರೈವಿನಲ್ಲಿ ಇರಬೇಕಲ್ಲ?"

ಸುವ್ರತ ಎರಡು ಕಡೆಯೂ ಒಂದೇ ಥರ ಇರಲಿ ಎಂದು ಪೆನ್ ಡ್ರೈವಿನ ಮೇಲೂ ಅದೇ ಸ್ಕ್ರಿಪ್ಟು ಓಡಿಸಿದ್ದ. ನೆಲ ನೋಡುತ್ತ ಅದನ್ನು ಹೇಳಿದ. ಹಾಗೆ ಅಳಿಸಿದ್ದು ಕಂಪ್ಯೂಟರಿನ ಕಸದ ಬುಟ್ಟಿಗೂ ಹೋಗುವುದಿಲ್ಲ, ವಾಪಸು ಸಿಗುವುದಿಲ್ಲ ಎಂಬುದನ್ನೂ ಹೇಳಿದ.

ಗುರುಗಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಬಾವಿಯಿಂದ ಒಂದು ಚೊಂಬು ಕುಡಿಯುವ ನೀರು ತಾ," ಎಂದರು.

ಸುವ್ರತ ಕೊಡದಲ್ಲಿ ನೀರು ಸೇದಿದ. ಬಟ್ಟೆಯನ್ನು ಎರಡು ಮಡಿಕೆ ಮಾಡಿ ಚೊಂಬಿಗೆ ಸೋಸಿದ. ಆಮೇಲೆ ಬಟ್ಟೆಯನ್ನು ಮಗುಚಿ, ಸೋಸಿದ ನೀರನ್ನೇ ಹನಿಸಿ, ಅದರಲ್ಲಿ ಉಳಿದದ್ದನ್ನು ಕೊಡಕ್ಕೆ ತೊಳೆದುಬಿಟ್ಟ. ಕೊಡವನ್ನು ಮೆಲ್ಲಗೆ ಬಾವಿಗೆ ಇಳಿಸಿ, ನೀರು ಮುಟ್ಟಿದ ಮೇಲೆ ಓರೆ ಮಾಡಿದ. ಆಶ್ರಮದಲ್ಲಿ ದಿನವೂ ಹೀಗೇ.

ತಿರುಗಿ ನೋಡಿದರೆ ಗುರುಗಳು ಹಿಂದೆಯೇ ನಿಂತಿದ್ದಾರೆ.

"ಬಟ್ಟೆಯಲ್ಲಿ ಏನು ಉಳಿದಿತ್ತು?"

"ಕಣ್ಣಿಗೆ ಏನೂ ಕಾಣಲಿಲ್ಲ."

"ಆದರೂ ಬಾವಿಗೆ ವಾಪಸು ಬಿಟ್ಟೆ."

"ಬಿಡಬೇಕಲ್ಲ ಗುರುಗಳೇ. ಯಾವ ಜೀವ ಇರುತ್ತೋ ಏನೋ."

"ಬೆಳಗ್ಗೆ ನೀನು ಸೋಸಿದಾಗ ನಲವತ್ತೊಂದು ಉಳಿದವಲ್ಲ, ಒಂದನ್ನಾದರೂ ತೆರೆದು ನೋಡಿದೆಯಾ?"

"ಇಲ್ಲ."

ಅಷ್ಟು ಹೇಳಿ ಅವನು ಬಾವಿಕಟ್ಟೆಯ ಮೇಲೆ ಕುಸಿದು ಕೂತ. ದುಃಖ ತಡೆಯಲಾಗಲಿಲ್ಲ, ಅತ್ತುಬಿಟ್ಟ.

"ನನ್ನನ್ನು ಆಶ್ರಮದಿಂದ ಕಳಿಸಿಬಿಡಿ."

"ಕಳಿಸಿದರೆ ಬರೆದುಕೊಳ್ಳುವವರು ಯಾರಪ್ಪ?"

"ಏನನ್ನು?"

"ಅಚ್ಚಿನ ಮನೆಗೆ ಫೋನು ಮಾಡಿ ಇವತ್ತು ಆಗುವುದಿಲ್ಲ ಅನ್ನು. ಆಮೇಲೆ ಕಾಗದ, ಪೆನ್ನು ತಗೊಂಡು ಬಾ."

ಸುವ್ರತ ಓಡಿದ. ಓಡುತ್ತಲೇ ಬಂದು ಕೂತ. ಹೋದ ಜೀವ ಬಂದಂತಾಗಿತ್ತು ಅವನಿಗೆ.

"ದೇವರಸಯ್ಯನವರು ಹೇಳಿದ್ದು ನಲವತ್ತೊಂದೂ ನಿಮಗೆ ನೆನಪಿದೆಯಾ?"

ಗುರುಗಳು ಕಣ್ಣು ಮುಚ್ಚಿಕೊಂಡರು. ಅವರ ತುಟಿ ಅಲುಗುತ್ತಿತ್ತು, ಬೆರಳು ಎಣಿಸುತ್ತಿತ್ತು. ಒಂದು ಬೆರಳು ಮಡಿಸಿ, ಮತ್ತೆ ಬಿಚ್ಚಿದರು.

"ಒಂಬತ್ತು ಇವೆ. ಬೇಗ ಬರಕೋ, ಸಂಜೆಗೆ ಎಂಟಾಗಬಹುದು."