ಸೆಟೆದ ಅಕ್ಕ, ದುಂಡು ತಂಗಿ

ಸೋಲಿಗರ ಹುಡುಗಿ ಕೇತಮ್ಮನ ಮೊಣಕಾಲಿನ ಸಣ್ಣ ರಕ್ತನಾಳದಲ್ಲಿ ಕುಡುಗೋಲಿನಂಥ ಕೆಂಪು ಕಣವೊಂದು ಅಡ್ಡ ನಿಂತಿತ್ತು. ಹೊತ್ತು ತಂದ ಪ್ರಾಣವಾಯುವನ್ನು ಕೊಟ್ಟ ಕೂಡಲೇ ಸೆಟೆದುಕೊಳ್ಳುವುದು ಅದರ ಮನೆತನದ ವಾಡಿಕೆ. ಹಾಗೆ ಒಂದು ನಿಂತರೆ ಹಿಂದಿನವೂ ನಿಲ್ಲುತ್ತವೆ, ಕೇತಮ್ಮ ಕಾಲು ಹಿಡಿದುಕೊಂಡು ಅಳುತ್ತಾಳೆ. ಇವತ್ತು ಅವರ ಪೋಡಿನಲ್ಲಿ ರೊಟ್ಟಿ ಹಬ್ಬ. ಊರಿಗೆ ಊರೇ ಕುಣಿಯುತ್ತಿತ್ತು, ಅವಳು ಮಾತ್ರ ಮೂಲೆಯಲ್ಲಿ ಕೂತಿದ್ದಳು.

ಅಷ್ಟರಲ್ಲಿ ದುಂಡು ಕಣವೊಂದು ಹಿಂದಿನಿಂದ ಬಂತು. ಕೇತಮ್ಮ ಈ ಕಾಯಿಲೆಗೆಂದು ದಿನಾ ಮಾತ್ರೆ ನುಂಗಲು ಶುರುಮಾಡಿದ ಮೇಲೆ ಹುಟ್ಟಿದ್ದು ಅದು.

"ಎಲ್ಲಿಗೆ ತಾಯಿ, ಇಷ್ಟು ದಪ್ಪ ಮೈ ಹೊತ್ತುಕೊಂಡು? ತೆಳ್ಳಗಿರುವ ನಾನೇ ಸಿಕ್ಕಿಕೊಂಡಿದ್ದೇನೆ," ಎಂದಿತು ಕುಡುಗೋಲು.

"ಸ್ವಲ್ಪ ಸರಿ ಅಕ್ಕ, ನೋಡೋಣ."

"ಮೊದಲು ಕೊಡುವುದನ್ನು ಕೊಡು. ಆಮೇಲೆ ನೀನೂ ಸೆಟೆದುಕೊಳ್ಳುತ್ತೀಯ. ಕೊಟ್ಟವರಿಗೆ ಅಷ್ಟಾದರೂ ಬಿಗುಮಾನ ಬೇಡವೇ?"

ದುಂಡು ಕಣ ತಂದದ್ದನ್ನೆಲ್ಲ ಕೊಟ್ಟಿತು. ಕುಡುಗೋಲು ಕಾದು ನೋಡಿತು. ತಂಗಿಯ ಮೈ ಮೆತ್ತಗೇ ಇತ್ತು.

"ಕೇತಮ್ಮ ತನ್ನ ತಾಯಿಯ ಹೊಟ್ಟೆಯಲ್ಲಿದ್ದಾಗ ಅವಳ ರಕ್ತಕ್ಕೆ ಈ ಬಿಗುಮಾನ ಗೊತ್ತೇ ಇರಲಿಲ್ಲ. ಮಾತ್ರೆ ಆ ಹಳೆಯ ಗುಣವನ್ನು ನನ್ನಲ್ಲಿ ಎಬ್ಬಿಸಿದೆ ಅಕ್ಕ," ಎನ್ನುತ್ತಾ ಅದು ನಾದಿದ ಹಿಟ್ಟಿನಂತೆ ಬಳುಕಿ ಪಕ್ಕದಲ್ಲೇ ನುಸುಳಿತು. ಅದರ ಹಿಂದೆ ಇನ್ನೊಂದು, ಮತ್ತೊಂದು, ಎಲ್ಲವೂ ದುಂಡಗೆ. ಆ ನೂಕಿಗೆ ಕುಡುಗೋಲಿನ ಹಿಡಿತವೂ ತಪ್ಪಿ, ಅದೂ ಸಾಲಿನ ಜೊತೆ ತೇಲಿಹೋಯಿತು.

ಕೇತಮ್ಮ ಎದ್ದು ಕುಣಿಯುವವರ ಕೈ ಹಿಡಿದಳು. ಉಳಿದವರೆಲ್ಲ ದಣಿದು ಕೂತ ಮೇಲೂ ಅವಳು ಕುಣಿಯುತ್ತಲೇ ಇದ್ದಳು.