ಆಳೆತ್ತರದ ಸ್ಪೀಕರ್

ದೊಡ್ಡ ಕೋಣೆಗೆ ದೊಡ್ಡ ಸ್ಪೀಕರ್ ಬೇಕೆಂದು ಆಶ್ರಮದಲ್ಲಿ ಎಲ್ಲರೂ ನಂಬಿದ್ದರು. ದೇವರ ವಿಷಯದಲ್ಲಿ ಅಷ್ಟು ಒಮ್ಮತ ಇರಲಿಲ್ಲ.

ಹೊಳೆದಂಡೆಯ ಆ ಆಶ್ರಮದ ಪ್ರವಚನ ಮಂದಿರದಲ್ಲಿ ಮುನ್ನೂರು ಜನ ಕೂರಬಹುದಿತ್ತು. ಸ್ಪೀಕರ್ ಮಾತ್ರ ಎರಡು ಪುಟ್ಟವು. ಪುಸ್ತಕದ ಶೆಲ್ಫಿನ ಮೇಲೆ, ಪುರಾಣಗಳ ಪಕ್ಕದಲ್ಲಿ ಕೂತಿದ್ದವು.

ಗುರುಗಳ ಗಂಟಲು ಕೆಟ್ಟಿತ್ತು. ಪಿಸುದನಿಗಿಂತ ಹೆಚ್ಚು ಏಳುತ್ತಿರಲಿಲ್ಲ. ಹಾಗಾಗಿ ಇಬ್ಬರು ಶಿಷ್ಯರು, ಪಂಪಾಪತಿ ಮತ್ತು ಗವಿಸಿದ್ಧ, ದಿನ ಬಿಟ್ಟು ದಿನ ಪ್ರವಚನ ಮಾಡುತ್ತಿದ್ದರು. ಶ್ರಾವಣ ಮುಗಿದ ಮೇಲೆ ಪೀಠ ಒಬ್ಬನಿಗೇ ಎಂದು ಗುರುಗಳು ಹೇಳಿದ್ದರು.

ಗವಿಸಿದ್ಧನ ಸರದಿಯ ದಿನ ಪಂಪಾಪತಿ ಹೊಳೆಗೆ ಹೋಗಿ ಒಗೆದ ಬಟ್ಟೆಯನ್ನೇ ಒಗೆಯುತ್ತಿದ್ದ. ನೀರಿನ ಸದ್ದಿನಲ್ಲಿ ಮಂದಿರದ ಮಾತು ಕೇಳಿಸುತ್ತಿರಲಿಲ್ಲ. ಹೋಗುತ್ತಿದ್ದದ್ದೇ ಅದಕ್ಕೆ.

ಆಮೇಲೆ ಬಂದು ಜನ ಕೂತು ಎದ್ದುಹೋದ ಚಾಪೆಗಳನ್ನು ನೋಡುತ್ತಿದ್ದ. ಗವಿಸಿದ್ಧ ಮಾತಾಡಿದ ದಿನ ಅವು ಪೀಠದ ಬುಡದಲ್ಲಿ ಒತ್ತೊತ್ತಾಗಿ ಬಿದ್ದಿರುತ್ತಿದ್ದವು. ತಾನು ಮಾತಾಡಿದ ದಿನ ಹಿಂದಿನ ಗೋಡೆಗೆ, ಬಾಗಿಲ ಹತ್ತಿರ.

"ಸ್ಪೀಕರ್ ಸಣ್ಣವು ಅಜ್ಜಾರ. ನನ್ನ ಮಾತು ಹಿಂದಿನವರಿಗೆ ಮುಟ್ಟವಲ್ದು," ಎಂದ ಗುರುಗಳಿಗೆ.

"ಗವಿಸಿದ್ಧಂದು?"

"ಅವಂದು ಹೆಂಗ ಮುಟ್ತೈತೋ. ವೈರಿಗೆ ಏನರ ಮಾಡಿರಬೇಕು."

"ಕುಂತು ಕೇಳಿಯೇನು?"

"ನಾ ಯಾಕ ಕೇಳ್ಲಿ?"

ಗುರುಗಳು ಅವನನ್ನು ಪೇಟೆಗೆ ಕಳಿಸಿದರು.

"ಶೆಲ್ಫಿನ ಮ್ಯಾಲೆ ಇಡೋವು ಮಲಗೋ ಖೋಲಿಗೆ ಸ್ವಾಮ್ಯಾರ," ಎಂದ ಅಂಗಡಿಯವನು. "ಅಷ್ಟು ದೊಡ್ಡ ಜಾಗಕ್ಕ ನೆಲದ ಮ್ಯಾಲೆ ನಿಂದ್ರೋವೇ ಬೇಕು. ಈ ದಪ್ಪ ದನಿ, ಬಾಸು, ಹೆಂಗ ಎದೀಗೆ ಬಡೀತೈತಿ ನೋಡ್ರಿ."

ಪಂಪಾಪತಿ ಎದೆಗೆ ಬಡಿಸಿಕೊಂಡು ನೋಡಿದ. ಸತ್ಯದ ಹಾಗೇ ಅನ್ನಿಸಿತು.

ಆಳೆತ್ತರದ ಎರಡು ಸ್ಪೀಕರ್ ಬಂದು ಪೀಠದ ಎರಡೂ ಬದಿಗೆ ದ್ವಾರಪಾಲಕರಂತೆ ನಿಂತವು.

ಮರುದಿನ ಪಂಪಾಪತಿ ವೈರಾಗ್ಯದ ಬಗ್ಗೆ ಮಾತಾಡಿದ. ಕಣ್ಣು ಮುಚ್ಚಿ ಮಾತಾಡುವುದು ಅವನ ಪದ್ಧತಿ. ಕಿಟಕಿಯ ಗಾಜುಗಳು ಅದುರಿದವು. ಮುಗಿಸಿ ಕಣ್ಣು ತೆರೆದಾಗ ಚಾಪೆಗಳು ಹೊರಗೆ, ಜಗಲಿಯ ಮೇಲಿದ್ದವು.

"ಒಳಗ ಜಾಗ ಸಾಲಲಿಲ್ಲ ಅಜ್ಜಾರ!"

"ಒಳಗ ಯಾರಿದ್ರು?"

ಪಂಪಾಪತಿ ನೆನಪು ಮಾಡಿಕೊಂಡ. "ಸಂಗಪ್ಪಜ್ಜ ಇದ್ದ."

"ಅವಗ ಕಿವಿ ಕೇಳ್ಸೂದಿಲ್ಲ," ಎಂದರು ಗುರುಗಳು.

ಅದರ ಮರುದಿನ ಗವಿಸಿದ್ಧನ ಸರದಿ. ಚಾಪೆಗಳು ಮತ್ತೆ ಪೀಠದ ಬುಡಕ್ಕೆ ಬಂದಿದ್ದವು.

ಪಂಪಾಪತಿ ಗುರುಗಳ ಹತ್ತಿರ ಓಡಿದ. "ಬಸ್ಸಿನ ಮ್ಯಾಲೆ ಹೇರಿಸಿಕೊಂಡು ತಂದಾವ ನಾನು. ಹೆಸರು ತಗೊಳ್ಳಾವ ಅವನು. ದೊಡ್ಡವು ಅವಗ ಬ್ಯಾಡ. ಸಣ್ಣವು ಸಾಕು."

"ಹಂಗ ಮಾಡು."

ಗವಿಸಿದ್ಧನ ಸರದಿ ಬಂದಾಗಲೆಲ್ಲ ಪಂಪಾಪತಿ ದೊಡ್ಡ ಸ್ಪೀಕರಿನ ವೈರು ಕಿತ್ತಿಡತೊಡಗಿದ. ಚಾಪೆಗಳು ಕದಲಲಿಲ್ಲ.

"ಸಣ್ಣವೂ ಬ್ಯಾಡ ಅವಗ."

"ಹಂಗ ಮಾಡು."

ಮೈಕು, ಆಂಪ್ಲಿಫೈಯರ್ ಎರಡೂ ಶೆಲ್ಫಿನ ಕೆಳಗಿನ ಕಪಾಟಿನಲ್ಲಿದ್ದವು. ಪಂಪಾಪತಿ ಕಪಾಟಿಗೇ ಬೀಗ ಜಡಿದು ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ತನ್ನ ಸರದಿಗೆ ತೆಗೆಯುತ್ತಿದ್ದ. ಮಂಗಳ ಹಾಡಿದ ಕೂಡಲೇ ಹಾಕುತ್ತಿದ್ದ. ನಿದ್ದೆಯಲ್ಲೂ ಸೊಂಟ ಮುಟ್ಟಿ ನೋಡಿಕೊಳ್ಳುತ್ತಿದ್ದ.

ಶ್ರಾವಣ ಮುಗಿಯಿತು. ಪೀಠ ಗವಿಸಿದ್ಧನಿಗೆ ಹೋಯಿತು.

ಪಂಪಾಪತಿ ಗುರುಗಳ ಕೋಣೆಗೆ ನುಗ್ಗಿ ಬಾಗಿಲಲ್ಲೇ ಕೂತ.

"ಮೋಸ ಅಜ್ಜಾರ! ಎಲ್ಲಿಂದಲೋ ಬ್ಯಾರೆ ಸ್ಪೀಕರ್ ತಂದು ಇಟ್ಟಾನ. ಹುಡುಕಸ್ರಿ!"

ಗುರುಗಳು ಏನೋ ಅಂದರು. ಕೇಳಿಸಲಿಲ್ಲ. ಪಂಪಾಪತಿ ಚಾಪೆ ಎಳೆದುಕೊಂಡು ಅವರ ಮಂಡಿಯ ಹತ್ತಿರಕ್ಕೆ ಸರಿದ.

"ಕೀಲಿ ಎಲ್ಲೈತಿ?"

"ನನ್ನ ಸೊಂಟದಾಗ."

"ಅವ ಎಂದಾದ್ರೂ ಕೀಲಿ ಕೇಳಿದನೇನು?"

"ಒಂದು ದಿನಾನೂ ಇಲ್ಲ. ಅಷ್ಟು ಸೊಕ್ಕು ಅವಗ."

ಗುರುಗಳು ಇಲ್ಲವೆಂದು ತಲೆಯಾಡಿಸಿದರು.

"ನೀ ಬೀಗ ಹಾಕಿದ್ದು ಅವಗ ಇನ್ನೂ ಗೊತ್ತಿಲ್ಲ ತಮ್ಮಾ."