ಹಿಡಿಮಣ್ಣಿನ ಗುಡ್ಡ

ಕಡವಿನಕೇರಿಯ ಪೇಟೆ ದಾಟಿ ಹೊಳೆಗೆ ಇಳಿಯುವ ಮುನ್ನ ಎಡಕ್ಕೆ ಒಂದು ಕುಳ್ಳ ಗುಡ್ಡ ಸಿಗುತ್ತದೆ. ಗೇರುಮರಗಳ ನಡುವೆ ಚಿರೆಕಲ್ಲಿನ ಗೋರಿಗಳು. ಅವುಗಳ ಮೇಲಿನ ಅಕ್ಷರ ಓದಬಲ್ಲವರು ಈಗ ಊರಲ್ಲಿ ಯಾರೂ ಇಲ್ಲ. ಅಂಚಿಗೆ ಒಂದು ಪುಟ್ಟ ಗೋರಿಯಿದೆ, ಅದರ ತಲೆಯ ಕಡೆ ಹಿಡಿಯಷ್ಟು ಆಳದ ಗುಳಿ. ಒಳಗೆ ಬಂಗಾರವಿದೆಯೆಂದು ಹೇಳುವ ಜಾಣರು ನಮ್ಮಲ್ಲಿದ್ದಾರೆ, ಊರ ಬಾಯಿಗೆ ಬೀಗ ಹಾಕುವವರು ಯಾರು? ಹಿರಿಯರು ಹೇಳುವ ಕಥೆ ಬೇರೆ.

ಹಿಂದೆ ಒಮ್ಮೆ ಈ ಗುಡ್ಡದ ಬುಡದಲ್ಲಿ ಯೆಹೂದಿಗಳ ಕೇರಿಯಿತ್ತು ಎನ್ನುತ್ತಾರೆ. ಎಣ್ಣೆ ತೆಗೆಯುವುದು ಅವರ ಕಸುಬು. ಶನಿವಾರ ಗಾಣ ಕಟ್ಟುತ್ತಿರಲಿಲ್ಲ, ಒಲೆ ಹಚ್ಚುತ್ತಿರಲಿಲ್ಲ. ಅದಕ್ಕೇ ಊರವರಿಗೆ ಅವರು ಶನಿವಾರದ ಗಾಣಿಗರು. ಸತ್ತವರ ತಲೆಯಡಿ ಜೆರೂಸಲೇಮಿನ ಮಣ್ಣು ಒಂದು ಚಿಟಿಕೆ ಇಡುವುದು ಅವರ ಪದ್ಧತಿ. ಅದಿಲ್ಲದವರು ಪರದೇಶದಲ್ಲಿ ಮಲಗಿದಂತೆ ಎಂದು ಆ ಕೇರಿಯ ನಂಬಿಕೆ. ಯಾವ ಕಾಲದಲ್ಲೋ ಹಡಗಿನಲ್ಲಿ ಬಂದ ಮಣ್ಣಿನ ಚೀಲವೊಂದನ್ನು ಎಲ್ಲರೂ ಸೇರಿ ಜೋಪಾನ ಮಾಡಿದ್ದರು. ಗಾಣದ ಶಲೋಮನ ಹೆಂಡತಿ ಮಿಲ್ಕಾಬಾಯಿಯ ಒಬ್ಬಳೇ ಮಗಳು ಹನ್ನಾ ಜ್ವರದಲ್ಲಿ ತೀರಿಕೊಂಡಾಗ ಆ ಚೀಲ ಕೊಡವಿದರೆ ಧೂಳೂ ಉದುರಲಿಲ್ಲ. ಕೊನೆಯ ಚಿಟಿಕೆಯನ್ನು ಹಿಂದಿನ ಮಳೆಗಾಲದಲ್ಲಿ ಮಿಲ್ಕಾಬಾಯಿಯೇ ತನ್ನ ಅತ್ತೆಯ ತಲೆಯಡಿ ಇಟ್ಟಿದ್ದಳು. ಕೂಸು ಬರಿಮಣ್ಣಿನಲ್ಲಿ ಮಲಗಿತು. ನೆರೆಮನೆಯ ಸಣ್ಣಮ್ಮನಿಗೂ ಅದು ತನ್ನದೇ ಕೂಸು. ಮಕ್ಕಳಿಲ್ಲದ ಅವಳು ಶನಿವಾರ ಅವರ ಮನೆಯ ಒಲೆ ಹಚ್ಚಿಕೊಡಲು ಹೋಗಿ ಹೋಗಿ, ಹನ್ನಾಳನ್ನು ಸೊಂಟದ ಮೇಲೆಯೇ ಬೆಳೆಸಿದ್ದಳು.

ಕೆಲವು ವರ್ಷ ಕಳೆಯುವಷ್ಟರಲ್ಲಿ ಕೇರಿಗೆ ಕೇರಿಯೇ ಇಸ್ರೇಲಿಗೆ ಹೊರಟಿತು. ಮಗಳನ್ನು ಬಿಟ್ಟು ಬರಲಾರೆ ಎಂದು ಮಿಲ್ಕಾಬಾಯಿ ಹಟ ಹಿಡಿದಳು; ಆದರೆ ಗಂಡ ಹೊರಟ ಮೇಲೆ ಉಳಿಯುವುದೆಲ್ಲಿ? ಹೊರಡುವ ದಿನ ಸಣ್ಣಮ್ಮನೊಡನೆ ಗುಡ್ಡ ಹತ್ತಿ, ಗೋರಿಯ ತಲೆಯ ಕಡೆಯಿಂದ ಒಂದು ಹಿಡಿ ಮಣ್ಣು ತೆಗೆದು ಸೆರಗಿನಲ್ಲಿ ಗಂಟು ಹಾಕಿಕೊಂಡಳು.

“ಈ ಗುಳಿ ಮುಚ್ಚಬೇಡ, ಅಕ್ಕಾ. ಅಲ್ಲಿನ ಮಣ್ಣು ತಕಂಡು ನಾನೇ ಬರ್ತೆ. ನಾನೇ ತುಂಬ್ತೆ.”

“ಹೋಗಿ ಬಾರೇ ತಂಗಿ, ನಾ ನೋಡ್ಕಂತೆ,” ಎಂದಳು ಸಣ್ಣಮ್ಮ.

ನೋಡಿಕೊಂಡಳು ಕೂಡ. ಮಳೆಗಾಲದಲ್ಲಿ ಮೇಲಿನ ಮಣ್ಣು ಇಳಿದು ಗುಳಿ ತುಂಬುತ್ತಿತ್ತು. ಮಳೆ ಹಿಂದಾದ ಕೂಡಲೇ ಅವಳು ಹತ್ತಿ ಬಂದು, ಕೂಸಿಗೆ ನೋವಾದೀತೆಂಬಂತೆ ಬರಿಗೈಯಿಂದ ಮೆಲ್ಲಗೆ ತೋಡಿ ತೆಗೆಯುತ್ತಿದ್ದಳು. ಗೋರಿ ಕೆದಕುವ ಮುದುಕಿ ಎಂದು ಊರು ಆಡಿಕೊಂಡಿತು. ಎಷ್ಟೋ ವರ್ಷದ ಮೇಲೆ ಶಲೋಮನ ನಂಟನೊಬ್ಬ ಈ ದಾರಿಯಲ್ಲಿ ಬಂದವನು ಸುದ್ದಿ ತಂದ: ಮಿಲ್ಕಾಬಾಯಿ ಆ ನಾಡು ಮುಟ್ಟಿದ ವರ್ಷವೇ ತೀರಿಕೊಂಡಳು, ಸೆರಗಿನ ಮಣ್ಣನ್ನು ಅವಳ ತಲೆಯಡಿ ಇಟ್ಟರು. ಇನ್ನಾದರೂ ಗುಳಿ ಮುಚ್ಚಿಬಿಡು ಎಂದು ಊರವರು ಕನಿಕರದಿಂದಲೇ ಹೇಳಿದರು. ಸಣ್ಣಮ್ಮ ಗೋರಿಯ ಮಗ್ಗುಲಲ್ಲಿ ಕೂತು ಕಣ್ಣೀರು ಬತ್ತುವವರೆಗೆ ಅತ್ತಳು.

“ಅವ್ವಿಗೆ ಮಗಳ ಮಣ್ಣು ಸಿಕ್ತು. ಮಗಳಿಗೆ? ಬರ್ತೆ ಅಂದವಳ ಜಾಗ ಮುಚ್ಚಿದ್ರೆ ಈ ಕೂಸಿಗೆ ನಾ ಎಂತ ಹೇಳೂದು?”

ಆ ವರ್ಷವೂ ಮಳೆ ಹಿಂದಾದ ಮೇಲೆ ತೋಡಿದಳು. ಸಾಯುವವರೆಗೂ ತೋಡಿದಳು ಎನ್ನುತ್ತಾರೆ.

ಈಗ ಕೇರಿಯೂ ಇಲ್ಲ, ಗಾಣವೂ ಇಲ್ಲ, ಸಣ್ಣಮ್ಮನೂ ಇಲ್ಲ. ಗುಡ್ಡಕ್ಕೆ ಮಾತ್ರ ಆ ಹಿಡಿಮಣ್ಣಿನ ಹೆಸರು ಉಳಿದಿದೆ. ಮಳೆ ನಿಂತ ಮೇಲೆ ಹೋದರೆ ಗುಳಿಯ ಅಂಚಿನಲ್ಲಿ ಬೆರಳು ಎಳೆದ ಗುರುತು ಹಸಿಯಾಗಿಯೇ ಕಾಣುತ್ತದೆ. ಹುಲ್ಲಿಗೆ ಬರುವ ಹೆಂಗಸರ ಕೆಲಸವದು. ಕಥೆ ಕೇಳಿ ಮನಸ್ಸು ಕರಗಿದ ಪರವೂರಿನವರು ಒಮ್ಮೊಮ್ಮೆ ಅದಕ್ಕೆ ಒಂದು ಹಿಡಿ ಮಣ್ಣು ಹಾಕಲು ಬಗ್ಗುವುದುಂಟು. ಆಗ ಹುಲ್ಲಿನ ಹೊರೆಯ ಹಿಂದಿನಿಂದ ಯಾರಾದರೊಬ್ಬಳು ಕೂಗಿ ಹೇಳುತ್ತಾಳೆ:

“ಹಾಕ್ಬೇಡಿ, ಹಾಕ್ಬೇಡಿ. ಅದ್ರ ಅವ್ವಿ ತರ್ತೆ ಅಂದಾಳೆ.”